ಓರ್ವಿಲ್ ಟ್ಯಾಕೆಟ್ ಅವರ ಇನ್ನೊಂದು ಎಲೆ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೊದಲಿನಿಂದ ಶುರು ಮಾಡು ಎನ್ನುತ್ತಾಳೆ ಕೊರಲೀ. ಕೊರಲೀ ಬ್ರ್ಯಾಂಟ್ ನಮ್ಮ ಕಾಪರ್ ಲ್ಯಾಂಟರ್ನ್ ಕ್ಯಾಸಿನೊದ ಪ್ರಚಾರ ವಿಭಾಗದವಳು. ಹೋದ ವಾರ ನನ್ನನ್ನು ಕರೆದು ಕೂರಿಸಿಕೊಂಡು, "ವರ್ನಾ, ನೀನು ಇಲ್ಲಿ ಇಸ್ಪೀಟೆಲೆ ಹಾಕೋಕೆ ಬಂದು ಇಪ್ಪತ್ತು ವರ್ಷ ಆಯ್ತಲ್ಲ, ಪೋಕರ್ ಟೂರ್ನಮೆಂಟಿನ ಇತಿಹಾಸ ಅಂತ ಎರಡು ಪುಟ ಬರ್ಕೊಡು. ಈ ಸಲದ ಪುಸ್ತಿಕೇಲಿ ಹಾಕ್ತೀವಿ. ಇಸವಿ ಇರ್ಲಿ, ಒಂಚೂರು ನಗು ಇರ್ಲಿ, ನಮ್ಮ ಕಡೆಯಿಂದ ಆದ ತಪ್ಪು ಮಾತ್ರ ಬೇಡ" ಎಂದಳು.

ಎರಡು ಪುಟ ಏನು ಮಹಾ ಎಂದುಕೊಂಡೆ. ಐದು ದಿನದಿಂದ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಕಸದ ಬುಟ್ಟಿ ತುಂಬಿದೆ, ಪುಟ ತುಂಬಿಲ್ಲ.

'ಆದಿಯಲ್ಲಿ ಇಸ್ಪೀಟು ಇತ್ತು' ಎಂದು ಬರೆದೆ. ಚರ್ಚಿನ ವಾಸನೆ ಬಂತು, ಹೊಡೆದು ಹಾಕಿದೆ. '೧೯೭೧ರ ಮೇ ತಿಂಗಳ ಒಂದು ಬೆಳಿಗ್ಗೆ ಹನ್ನೊಂದು ಜನ ಟೋಪಿಧಾರಿಗಳು ಫ್ರೀಮಾಂಟ್ ಬೀದಿಗೆ ಬಂದಿಳಿದರು' ಎಂದು ಬರೆದೆ. ಅದನ್ನೂ ಹೊಡೆದೆ. ಅವರಲ್ಲಿ ಇಬ್ಬರ ತಲೆಯ ಮೇಲೆ ಟೋಪಿ ಇರಲಿಲ್ಲ, ಮತ್ತು ನನಗೆ ಸುಳ್ಳು ಬರೆದು ಇನ್ನೂ ರೂಢಿಯಿಲ್ಲ. (ಆಗುತ್ತದೆ, ಸ್ವಲ್ಪ ತಾಳಿ.)

(ಲಾಸ್ ವೇಗಸ್‌ನಲ್ಲಿ ಎಲೆ ಹಾಕುವ ಹೆಂಗಸು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಿದ್ದರೆ, ಅನಿಸಲಿ. ಇಸ್ಪೀಟಿನ ಕಟ್ಟಿನಲ್ಲಿ ನಾಲ್ಕು ಜನ ರಾಜರಿದ್ದಾರೆ. ಅವರು ಯಾವ ಭಾಷೆ ಆಡುತ್ತಾರೆ ಎಂದು ನೀವು ಒಂದು ದಿನವಾದರೂ ಕೇಳಿದ್ದೀರಾ?)

೨

ಸರಿ, ಇತಿಹಾಸ.

ಟೂರ್ನಮೆಂಟ್ ಎನ್ನುವುದು ಬರುವ ಮೊದಲು ಪೋಕರ್ ಮುಗಿಯುತ್ತಿರಲಿಲ್ಲ. ಟೆಕ್ಸಸ್‌ನ ಯಾವುದೋ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಸೋಮವಾರ ಕೂತವರು ಗುರುವಾರವೂ ಕೂತಿರುತ್ತಿದ್ದರು. ಒಬ್ಬನಿಗೆ ಹಲ್ಲು ಕೀಳಿಸಲು ಹೋಗಬೇಕು, ಎದ್ದು ಹೋಗುತ್ತಿದ್ದ, ಆ ಕುರ್ಚಿಗೆ ಇನ್ನೊಬ್ಬ. ಮುಂದಿದ್ದದ್ದು ಖಾಲಿಯಾದರೆ ಜೇಬಿಗೆ ಕೈ. ಜೇಬೂ ಖಾಲಿಯಾದರೆ ಭಾವಮೈದುನನ ಜೇಬಿಗೆ ಕೈ. ಯಾರು ಗೆದ್ದರು ಎಂದು ಕೇಳಿದರೆ, ಯಾವಾಗ, ಎಂದು ವಾಪಸು ಕೇಳುತ್ತಿದ್ದರು.

ಟೂರ್ನಮೆಂಟ್ ಎಂದರೆ ಈ ಆಟಕ್ಕೆ ಕೊನೆಯೊಂದನ್ನು ಹೊಲಿದು ಸೇರಿಸಿದ್ದು, ಅಷ್ಟೇ. ಎಲ್ಲರಿಗೂ ದುಡ್ಡಿನ ಬದಲು ಸಮನಾಗಿ ಬಿಲ್ಲೆ ಕೊಡುತ್ತೇವೆ. ಬಿಲ್ಲೆ ಮುಗಿದವನು ಎದ್ದು ಹೋಗಬೇಕು. ಕೊನೆಗೆ ಉಳಿದವನು ಚಾಂಪಿಯನ್. ಇಷ್ಟು ಸರಳವಾದ ಮಾತು ಮೊದಲ ವರ್ಷ ಯಾರ ತಲೆಗೂ ಹೋಗಲಿಲ್ಲ.

ಮೊದಲ ದಿನ ಮೊದಲು ಖಾಲಿಯಾದವರು ಓರ್ವಿಲ್ ಟ್ಯಾಕೆಟ್. ಟೆಕ್ಸಸ್‌ನ ಬ್ರೌನ್‌ವುಡ್ ಊರಿನವರು, ಆಗ ಐವತ್ತಾರು ವಯಸ್ಸು, ಮೂವತ್ತು ವರ್ಷ ಊರೂರು ತಿರುಗಿ ಆಡಿದವರು. ಖಾಲಿಯಾದರು, ಆದರೆ ಏಳಲಿಲ್ಲ. ನಮ್ಮ ಮೇಲ್ವಿಚಾರಕ ಹಾರ್ಲನ್ ಬಂದು ಪಕ್ಕದಲ್ಲಿ ನಿಂತ.

"ಮಿಸ್ಟರ್ ಟ್ಯಾಕೆಟ್, ನಿಮ್ದು ಮುಗೀತು. ಏಳ್ಬೇಕು."

"ಯಾಕಪ್ಪಾ? ಜೇಬಲ್ಲಿ ಇನ್ನೂ ಇದೆ."

"ಜೇಬಿಂದ ತೆಗಿಯಂಗಿಲ್ಲ. ಸೋತ್ರಿ, ಅಷ್ಟೇ."

"ಸೋತೆ ಸರಿ. ಸೋತೋನು ಏಳ್ಬೇಕು ಅಂತ ಯಾರು ಹೇಳಿದ್ದು? ನಾನು ಹುಟ್ಟಿದಾಗಿಂದ ಕೂತ್ಕೊಂಡೇ ಸೋತಿರೋದು."

ಅರ್ಧ ಗಂಟೆ ಏಳಲಿಲ್ಲ. ಕಡೆಗೆ ಉಳಿದ ಹತ್ತು ಜನ ಕುರ್ಚಿ ಸಮೇತ ಪಕ್ಕದ ಮೇಜಿಗೆ ಹೋದರು. ನಮ್ಮಲ್ಲಿ ವೃತ್ತಿಪರ ಟೂರ್ನಮೆಂಟ್ ಹುಟ್ಟಿದ್ದು ಹೀಗೆ. ಕೊರಲೀ, ಇಸವಿ ೧೯೭೧, ನಗುವೂ ಇದೆ, ನೋಡಿಕೊ.

೩

(ಇಲ್ಲಿ ಓರ್ವಿಲ್ ಬಾಯಿ ಹಾಕುತ್ತಾರೆ. ಅವರು ಇಲ್ಲಿಲ್ಲ, ಈ ಅಡುಗೆಮನೆಗೆ ಎಂದೂ ಬಂದವರೂ ಅಲ್ಲ. ಆದರೂ ನಾನು ಪೆನ್ನು ಹಿಡಿದರೆ ಸಾಕು, ಎದುರಿನ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಕಥೆಯೊಳಗಿನ ಜನಕ್ಕೆ ಮರ್ಯಾದೆ ಕಲಿಸುವುದು ನನ್ನಿಂದಾಗುವ ಕೆಲಸವಲ್ಲ.)

"ಅರ್ಧ ಗಂಟೆ ಅಂತ ಬರ್ದಿದೀಯ. ಮುಕ್ಕಾಲು ಗಂಟೆ ಕಣಮ್ಮ."

"ಸರಿ, ಮುಕ್ಕಾಲು."

"ಮೂವತ್ತು ವರ್ಷ ತಿರುಗಿದೆ ಅಂತ ಬರ್ದಿದೀಯ, ಎಲ್ಲಿ ಅಂತ ಬರ್ದಿಲ್ಲ. ಮೂರು ಸಲ ಜೈಲಿಗೆ ಹೋದದ್ದೂ ಇಲ್ಲ."

"ಅದು ಪ್ರಚಾರದ ಪುಸ್ತಿಕೆ, ಮಿಸ್ಟರ್ ಟ್ಯಾಕೆಟ್."

"ಮತ್ತೆ ಎಪ್ಪತ್ತೊಂಬತ್ತರ ಆ ಆಟ? ಅದು ಬರೀತೀಯಾ?"

ಎದ್ದು ಕಾಫಿ ಮಾಡಿಕೊಂಡೆ. ಹಾಲು ಹಾಕದೆ ಕುಡಿಯುವವರ ಎದುರಿಗೆ ಹಾಲು ಹಾಕಿಕೊಂಡು ಕುಡಿದೆ.

೩, ಮತ್ತೊಮ್ಮೆ

'೧೯೭೯ರ ಟೂರ್ನಮೆಂಟಿನ ಕೊನೆಯ ದಿನ ಡೀಲರ್ ಹೆಂಗಸೊಬ್ಬಳಿಂದ ಸಣ್ಣ ತಪ್ಪೊಂದು ಆಯಿತು.'

ಈ ವಾಕ್ಯವನ್ನು ಮೂರು ಸಲ ಬರೆದಿದ್ದೇನೆ. ಮೊದಲ ಸಲ 'ಸಣ್ಣ' ಎನ್ನುವುದನ್ನು ಹೊಡೆದೆ. ಎರಡನೆಯ ಸಲ 'ಆಯಿತು' ಎನ್ನುವುದನ್ನು. ತಪ್ಪು ತಾನಾಗಿ ಆಗುವುದಿಲ್ಲ, ಯಾರಾದರೂ ಮಾಡಬೇಕು. ಮೂರನೆಯ ಸಲ 'ಡೀಲರ್ ಹೆಂಗಸೊಬ್ಬಳು' ಎನ್ನುವುದನ್ನೂ ಹೊಡೆದೆ. ನಾಚಿಕೆಯಾಯಿತು. ಆ ಹೆಂಗಸು ನಾನೇ, ವರ್ನಾ ಡೂಕೆಟ್. ಎರಡು ಪುಟದಲ್ಲಿ ಇಷ್ಟು ದಿನ ಅಡಗಿಕೊಂಡಿದ್ದೆ, ಈಗ ಹೊರಗೆ ಬಂದಿದ್ದೇನೆ. ಕೊರಲೀಗೆ ಈ ಪುಟ ಹೋಗುವುದಿಲ್ಲ ಎನ್ನುವುದು ಇಷ್ಟರಲ್ಲಿ ನಿಮಗೆ ಗೊತ್ತಾಗಿರಬೇಕು.

೫

(ನಾಲ್ಕನ್ನು ಹರಿದು ಹಾಕಿದೆ. ಅದರಲ್ಲಿ ನನ್ನದೇನೂ ತಪ್ಪಿಲ್ಲ ಎಂದು ಸಾಬೀತು ಮಾಡಿದ್ದೆ. ಬಹಳ ಚೆನ್ನಾಗಿತ್ತು.)

ಟೂರ್ನಮೆಂಟ್ ಆಡುವವರು ತಮ್ಮ ಎರಡು ಎಲೆಗಳ ಮೇಲೆ ಏನಾದರೊಂದು ಇಡುತ್ತಾರೆ. ಬೆಳ್ಳಿಯ ನಾಣ್ಯ, ಪಿಂಗಾಣಿ ಆಮೆ, ಮಗುವಿನ ಮೊದಲ ಹಲ್ಲು, ಮಾಜಿ ಹೆಂಡತಿಯ ಉಂಗುರ, ಎಲ್ಲವನ್ನೂ ನೋಡಿದ್ದೇನೆ. ಅದೃಷ್ಟಕ್ಕೆ ಎನ್ನುತ್ತಾರೆ. ನಿಜವಾಗಿ ಅದು ಡೀಲರಿಗೆ, ಅಂದರೆ ಎಲೆ ಹಾಕುವವಳಿಗೆ, ಹೇಳುವ ಮಾತು: ಈ ಎಲೆ ಇನ್ನೂ ಆಟದಲ್ಲಿದೆ, ಮುಟ್ಟಬೇಡ. ಮೇಲೆ ಏನೂ ಇಲ್ಲದ ಎಲೆಯನ್ನು ಡೀಲರ್ ತಪ್ಪಿ ಬಾಚಿ, ಬಿಟ್ಟ ಎಲೆಗಳ ರಾಶಿಗೆ ಸೇರಿಸಿದರೆ ಆ ಎಲೆ ಸತ್ತ ಹಾಗೆ. ಅದರಲ್ಲಿ ಏನಿತ್ತು ಎಂದು ಹೇಳುವ ಹಕ್ಕೂ ಆಡುವವನಿಗಿಲ್ಲ. ನಿಮ್ಮ ಎಲೆ ನಿಮ್ಮ ಹೊಣೆ.

ಓರ್ವಿಲ್ ಏನನ್ನೂ ಇಡುತ್ತಿರಲಿಲ್ಲ. ನಾನೇ ಎರಡು ಸಲ ಹೇಳಿದ್ದೆ. "ಎಲೆ ಮೇಲೆ ಕಲ್ಲಿಡೋದು ಅಂದ್ರೆ ಮೇಜಲ್ಲಿ ಕೂತಿರೋರ್ನೆಲ್ಲಾ ಕಳ್ಳರು ಅಂದಂಗೆ. ನಮ್ಮ ಕಡೆ ಹಂಗೆ ಮಾಡಿದ್ರೆ ಎದ್ದು ಹೊಡೀತಾರೆ" ಎನ್ನುತ್ತಿದ್ದರು. ಅವರ ಕಡೆ ಎಲೆ ಹಾಕುತ್ತಿದ್ದದ್ದು ಆಡುವವರೇ, ಸರದಿಯ ಮೇಲೆ. ಸಂಬಳಕ್ಕೆ ಎಲೆ ಬಾಚುವ ಹೆಂಗಸು ಅವರ ಕಡೆ ಇರಲಿಲ್ಲ.

ಮಧ್ಯಾಹ್ನ ಎರಡು ಗಂಟೆ. ಮೂರೇ ಜನ ಉಳಿದಿದ್ದರು. ಓರ್ವಿಲ್ ನನ್ನ ಎಡಗೈಗೆ ತಾಗಿದ ಹಾಗೆ ಕೂತಿದ್ದರು, ಕಣ್ಣು ಮಂಜಾಗಿತ್ತು, ಹತ್ತಿರ ಇರಲಿ ಎಂದು ಕೇಳಿ ಹಾಕಿಸಿಕೊಂಡ ಕುರ್ಚಿ. ಎದುರಿಗೆ ಡ್ವೈಟ್ ಕಸ್ಲೋ, ಗಣಿತ ಓದುವುದು ಬಿಟ್ಟು ಆಡಲು ಬಂದವನು, ಕಪ್ಪು ಕನ್ನಡಕ. ಮೂರನೆಯವನು ಯಾರೋ ದನದ ವ್ಯಾಪಾರಿ, ಈ ಕಥೆಗೆ ಅವನಿಂದ ಆಗಬೇಕಾದ್ದು ಒಂದೇ ಕೆಲಸ.

ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚಿ ಹಾಕಿದ್ದೆ: ಗುಲಾಮ, ಹತ್ತು, ಒಂಬತ್ತು, ನಾಲ್ಕು, ಎರಡು. ಓರ್ವಿಲ್ ತಮ್ಮ ಅಷ್ಟೂ ಬಿಲ್ಲೆಯನ್ನು ಮುಂದೆ ತಳ್ಳಿದರು. ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡರು. ಡ್ವೈಟ್ ಆರು ನಿಮಿಷ ಯೋಚಿಸಿ ತಾನೂ ಅಷ್ಟನ್ನೂ ತಳ್ಳಿದ. ದನದ ವ್ಯಾಪಾರಿ, ನನಗೆ ಬೇಡಪ್ಪಾ ಈ ಉಸಾಬರಿ, ಎಂದು ತನ್ನ ಎಲೆಗಳನ್ನು ಎಸೆದ. ಅವು ಜಾರಿ ಬಂದು ಓರ್ವಿಲ್ ಅವರ ಎಲೆಗಳ ಪಕ್ಕ ನಿಂತವು.

ನನ್ನ ಕೈ ನಾಲ್ಕನ್ನೂ ಬಾಚಿತು.

ಬಾಚುವಾಗ ಒಂದು ಎಲೆ ಮಗುಚಿಕೊಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಆಟೀನ್ ರಾಣಿ. ಅದು ಓರ್ವಿಲ್ ಕಡೆಯಿಂದ ಬಂದ ಎಲೆ. ಅಷ್ಟರಲ್ಲಿ ಅದು ರಾಶಿಯೊಳಗೆ ಸೇರಿ ಹೋಗಿತ್ತು.

ಡ್ವೈಟ್ ತನ್ನ ಎರಡು ಒಂಬತ್ತು ತೋರಿಸಿದ, ಮೇಜಿನದೂ ಸೇರಿ ಮೂರು. ಓರ್ವಿಲ್ ಕೈ ಮೇಲೆತ್ತಿದರು, ಎಲೆ ತಿರುಗಿಸಲು. ಅವರ ಮುಂದೆ ಹಸಿರು ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

ಹಾರ್ಲನ್ ಬಂದ. ನಿಯಮ ಹೇಳಿದ. ಅವನ ದನಿಯೂ ಚೆನ್ನಾಗಿರಲಿಲ್ಲ. ನಾನು ಏನು ಹೇಳಿದೆನೋ ನೆನಪಿಲ್ಲ, ಅಳುತ್ತಿದ್ದೆ ಅನಿಸುತ್ತದೆ. ಓರ್ವಿಲ್ ಎದ್ದು ನಿಂತು ಟೋಪಿ ಹಾಕಿಕೊಂಡರು. ಈ ಸಲ ಯಾರೂ ಏಳಿ ಎಂದು ಹೇಳಬೇಕಾಗಲಿಲ್ಲ.

"ಎಲೆ ಕಾಯೋದು ನನ್ನ ಕೆಲ್ಸ, ತಾಯಿ. ನಿಂದಲ್ಲ," ಎಂದರು. ಆಮೇಲೆ ಅವರು ಯಾವ ಟೂರ್ನಮೆಂಟನ್ನೂ ಆಡಲಿಲ್ಲ.

೬

ಲೆಕ್ಕ ಸುಲಭ. ರಾಣಿಯ ಜೊತೆ ರಾಜನೋ ಎಂಟೋ ಇದ್ದಿದ್ದರೆ, ಮೇಜಿನ ಮೇಲಿದ್ದ ಗುಲಾಮ, ಹತ್ತು, ಒಂಬತ್ತು ಸೇರಿ ಸಾಲಾಗಿ ಐದು ಎಲೆ, ಮೂರು ಒಂಬತ್ತಕ್ಕಿಂತ ಮೇಲು. ಗೆಲುವು ಓರ್ವಿಲ್ ಅವರದು, ಬಹುಶಃ ಚಾಂಪಿಯನ್ ಪಟ್ಟವೂ. ಬೇರೆ ಏನಿದ್ದರೂ ಮುದುಕರು ಬುರುಡೆ ಬಿಡುತ್ತಿದ್ದರು, ಹೇಗಿದ್ದರೂ ಸೋಲುತ್ತಿದ್ದರು, ನನ್ನ ಕೈಯಿಂದ ಏನೂ ಕೆಟ್ಟಿಲ್ಲ. ಅಂದರೆ ಒಂದು ಎಲೆಯ ಮೇಲೆ ನಿಂತಿದೆ: ನಾನು ಒಬ್ಬ ಮನುಷ್ಯನ ಬದುಕಿನ ಒಂದೇ ಗೆಲುವನ್ನು ಬಾಚಿ ಎಸೆದೆನೋ, ಇಲ್ಲವೋ. ಹನ್ನೆರಡು ವರ್ಷದಿಂದ ನನಗೆ ಬೇಕಾಗಿರುವುದು ಆ ಇನ್ನೊಂದು ಎಲೆ.

ನಾನು ರಾಣಿಯನ್ನು ನೋಡಿದ್ದು ಯಾರಿಗೂ ಹೇಳಿಲ್ಲ. ಡೀಲರ್ ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಬಾರದು. ನಮಗೆ ಮೊದಲ ದಿನ ಕಲಿಸುವುದೇ ಅದು.

೭

ಈಗ ಕೆಲವು ಕೊನೆಗಳು. ಯಾವುದು ಹಿಡಿಸುತ್ತದೋ ತೆಗೆದುಕೊಳ್ಳಿ.

ಮೊದಲನೆಯದು, ಕೊರಲೀ ಮೆಚ್ಚುವಂಥದ್ದು. ಆ ಎಲೆ ರಾಜ. ಕ್ಯಾಸಿನೊದವರು ತಡವಾಗಿಯಾದರೂ ಗೋಡೆಯ ಮೇಲೆ ಓರ್ವಿಲ್ ಅವರ ಚಿತ್ರ ಹಾಕುತ್ತಾರೆ, ನಾನು ಹೂಗುಚ್ಛ ಕೊಡುತ್ತೇನೆ.

("ನನ್ನ ಫೋಟೋ ಗೋಡೆ ಮೇಲೆ ಹಾಕಿದ್ರೆ ನಾನೇ ಬಂದು ಕಿತ್ತಾಕ್ತೀನಿ," ಎನ್ನುತ್ತಾರೆ ಎದುರು ಕುರ್ಚಿಯವರು. "ಪೊಲೀಸ್ ಸ್ಟೇಷನ್ನಲ್ಲಿ ಹಾಕಿದ್ದೇ ಸಾಕು." ಹೊಡೆದೆ.)

ಎರಡನೆಯದು, ನನಗೆ ಬೇಕಾದದ್ದು. ಆ ಎಲೆ ಬರೀ ಮೂರು. ನಾನು ನಿಟ್ಟುಸಿರು ಬಿಡುತ್ತೇನೆ, ಕಥೆ ಮುಗಿಯುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಇದನ್ನು ಬರೆಯಲು ನನಗೆ ಎರಡು ನಿಮಿಷ ಸಾಕಾಯಿತು. ಅದಕ್ಕೇ ಅನುಮಾನ ಬಂದು ಹೊಡೆದೆ.

ಮೂರನೆಯದು ಡ್ವೈಟ್‌ನದು. ಅವನೀಗ ದೊಡ್ಡ ಹೆಸರು, ಗಣಿತದ ಹಾಗೆ ಆಡುವುದನ್ನು ಬೇರೆಯವರಿಗೂ ಕಲಿಸುತ್ತಾನೆ. ಹೋದ ವರ್ಷ ನನ್ನ ಮೇಜಿಗೆ ಬಂದು ಕೂತ. ವಿರಾಮದಲ್ಲಿ ಕನ್ನಡಕ ತೆಗೆದು, "ಮೇಡಂ, ಒಂದು ಮಾತು. ನಾನು ಅವತ್ತು ಗೆದ್ದಿದ್ದು ನಿಜಾನಾ?" ಎಂದ. ಕನ್ನಡಕ ಇಲ್ಲದ ಅವನ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪಾಪ ಅನಿಸಿತು. ಗೊತ್ತಿಲ್ಲ ಕಣಪ್ಪಾ ಎಂದೆ. ಇದು ಕೊನೆಯೇ ಅಲ್ಲ, ಆದರೂ ಹೊಡೆಯಲು ಮನಸ್ಸು ಬರಲಿಲ್ಲ.

೮

ಅವರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದೆ. ಆಡುವುದು ಬಿಟ್ಟರೂ ಓರ್ವಿಲ್ ಪ್ರತಿ ಮೇ ತಿಂಗಳು ಬಸ್ಸು ಹತ್ತಿ ಬರುತ್ತಿದ್ದರು. ಟೂರ್ನಮೆಂಟ್ ಶುರುವಾಗುವ ದಿನ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಕಾಫಿ ಶಾಪಿನಲ್ಲಿ ನನ್ನನ್ನು ಕೂರಿಸಿಕೊಂಡು ಪೆಕನ್ ಬೀಜದ ಸಿಹಿ ಪೈ ತರಿಸುತ್ತಿದ್ದರು.

೧೯೮೦ರಲ್ಲಿ ಮೊದಲ ಸಲ ಕೇಳಿದೆ, "ಅವತ್ತು ನಿಮ್ಮ ಕೈಲಿ ಏನಿತ್ತು?"

ಅವರು ಬಹಳ ಗಂಭೀರವಾಗಿ ಸುತ್ತ ನೋಡಿ, ಬಗ್ಗಿ, "ಎರಡು ಎಕ್ಕ" ಎಂದರು.

ಸುಳ್ಳು. ನನಗೆ ಗೊತ್ತು, ಆದರೆ ಹೇಳುವ ಹಾಗಿಲ್ಲ. ಮಾರನೆಯ ವರ್ಷ ಕೇಳಿದಾಗ, "ಏಳು, ಎರಡು. ಅಷ್ಟು ದರಿದ್ರ ಎಲೆ ಇಟ್ಕೊಂಡು ಆ ಹುಡುಗನ್ನ ಆರು ನಿಮಿಷ ಬೆವರಿಸ್ದೆ ನೋಡು" ಎಂದರು. ಅದರ ಮುಂದಿನ ವರ್ಷ ಒಂದು ಎಂಟು ಮತ್ತು ಒಂದು ದಿನಸಿ ಅಂಗಡಿಯ ಚೀಟಿ. ಎಂಬತ್ತೈದರಲ್ಲಿ ಇಬ್ಬರು ರಾಜರು, ಅವರಲ್ಲಿ ಒಬ್ಬನಿಗೆ ನೆಗಡಿ. ಎಂಬತ್ತೆಂಟರಲ್ಲಿ, "ಮೂರು ಎಲೆ ಇತ್ತು ಕಣಮ್ಮ, ಯಾರ್ಗೂ ಹೇಳ್ಬೇಡ."

ನಾನು ನಗುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಪ್ರತಿ ಸಲವೂ ಕಾಯುತ್ತಿದ್ದೆ, ರಾಣಿ ಬರುತ್ತಾಳಾ, ಈ ವರ್ಷ ಬರುತ್ತಾಳಾ. ಬರಲಿಲ್ಲ. ಹತ್ತು ವರ್ಷ, ಹತ್ತು ಸುಳ್ಳು, ಒಂದರಲ್ಲೂ ರಾಣಿಯಿಲ್ಲ.

೯

ಹೋದ ಮೇ ತಿಂಗಳು ಕೋಲು ಊರಿಕೊಂಡು ಬಂದರು. ಪೈ ಬಂತು. ನಾನು ಎಂದಿನ ಪ್ರಶ್ನೆ ಕೇಳುವ ಮೊದಲೇ ಅವರು ಫೋರ್ಕು ಕೆಳಗಿಟ್ಟರು.

"ಒಂದು ಎಲೆ ನೀನು ನೋಡಿದ್ದೆ."

"ಯಾವ ಎಲೆ?" ಎಂದೆ.

"ನನ್ಹತ್ರಾನೇ ಆಟ ಕಟ್ತೀಯಾ? ಆಟೀನ್ ರಾಣಿ. ಕಣ್ಣಂಚಲ್ಲಿ ಕೆಂಪಗೆ ಏನೋ ಮಗುಚಿತು, ನಿನ್ನ ರೆಪ್ಪೆ ಬಡೀತು; ದನದೋನ್ದು ಅಂದ್ಕೊಂಡೆ, ಆಮೇಲೆ ತಿಳೀತು, ನನ್ನೆರಡರಲ್ಲಿ ಕೆಂಪು ಅವಳೊಬ್ಬಳೇ. ನಾನು ಎಲೆ ನೋಡ್ತಿರ್ಲಿಲ್ಲ ಕಣಮ್ಮ, ಮುಖ ನೋಡ್ತಿದ್ದೆ. ಹಾಳು ಅಭ್ಯಾಸ."

"ಹಂಗಾದ್ರೆ ಇಷ್ಟು ವರ್ಷ..."

"ಅವಳೊಬ್ಬಳನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಹೇಳ್ದೆ. ಸುಳ್ಳು ಅಂತ ನಿಂಗೆ ಗೊತ್ತಾಗ್ಬೇಕಲ್ಲ. ಗೊತ್ತಾಗ್ದೆ ಇರೋ ಸುಳ್ಳು ಹೇಳಿದ್ರೆ ಅದು ಮೋಸ ಆಗುತ್ತೆ. ನಿಂಗೆ ಮೋಸ ಮಾಡಕ್ಕೆ ಮನಸ್ಸು ಬರ್ಲಿಲ್ಲ."

ನನ್ನ ಕಣ್ಣು ತುಂಬಿತು. ಅವರು ನೋಡದವರ ಹಾಗೆ ಸಕ್ಕರೆ ಡಬ್ಬಿಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು.

"ಡಾಕ್ಟ್ರು ಇನ್ನು ಬಸ್ಸು ಹತ್ಬೇಡ ಅಂದಿದಾರೆ. ಹೃದಯ ಸರಿಯಿಲ್ವಂತೆ. ಈಗಿನ ಹುಡುಗ್ರಿಗೆ ಏನ್ ಗೊತ್ತು, ಆದ್ರೂ ಒಂದ್ಸಲ ನಿಜ ಹೇಳಿಬಿಡಾಣ ಅಂತ ಬಂದೆ. ಇನ್ನೊಂದು ಎಲೆ ಹೇಳ್ಲಾ?"

ಓದುಗರೇ, ಹನ್ನೊಂದು ವರ್ಷ ಇದಕ್ಕೇ ಕಾದಿದ್ದೆ. ಹೇಳಿ ಎನ್ನಲು ಬಾಯಿ ತೆರೆದೆ. ಆಗ ಭಯವಾಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ. ರಾಜ ಎಂದರೆ ನಾನು ಅವರ ಗೆಲುವನ್ನು ಕಸಕ್ಕೆ ಹಾಕಿದವಳು, ಅದನ್ನು ಹೊತ್ತು ಬದುಕಬೇಕು. ಮೂರು ಎಂದರೆ ನಂಬಲು ಆಗುವುದಿಲ್ಲ, ನನ್ನನ್ನು ಸಮಾಧಾನ ಮಾಡಲು ಟೆಕ್ಸಸ್‌ನಿಂದ ಬಸ್ಸಿನಲ್ಲಿ ಬಂದ ಮನುಷ್ಯ ಇವರು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೇಳಿ ಮುಗಿಸಿದ ಮೇಲೆ ಇವರು ಇಲ್ಲಿಗೆ ಬರಲು ಕಾರಣವೇನು ಉಳಿಯುತ್ತದೆ? ನನಗೆ ಈ ಮುದುಕರೆಂದರೆ ಇಷ್ಟ. ನನ್ನ ಅಪ್ಪನಿಗಿಂತ ಇಷ್ಟ, ಇದನ್ನೂ ಮೊದಲ ಸಲ ಬರೆಯುತ್ತಿದ್ದೇನೆ.

"ಬೇಡ," ಎಂದೆ.

"ಏನು ಬೇಡ?"

"ನಿಜ ಬೇಡ. ಈ ವರ್ಷದ ಸುಳ್ಳು ಬಾಕಿ ಇದೆ, ಅದು ಹೇಳಿ. ನಿಜ ಬರೋ ಮೇ ತಿಂಗಳು ಹೇಳೋರಂತೆ."

ಅವರು ನನ್ನನ್ನೇ ನೋಡಿದರು. ಮಂಜುಗಣ್ಣು, ಆದರೂ ಮೇಜಿನಲ್ಲಿ ಎಷ್ಟೋ ಜನ ಆ ನೋಟಕ್ಕೆ ಎಲೆ ಬಿಟ್ಟು ಎದ್ದದ್ದನ್ನು ಕಂಡಿದ್ದೇನೆ. ಆಮೇಲೆ ನಗಲು ಶುರು ಮಾಡಿದರು, ಕೆಮ್ಮು ಬರುವವರೆಗೂ ನಕ್ಕರು.

"ಎಷ್ಟು ಘಾಟಿ ಹೆಂಗ್ಸು ನೀನು! ಡಾಕ್ಟ್ರು ಬಸ್ಸು ಹತ್ಬೇಡ ಅಂದ್ರೆ ಇನ್ನೊಂದು ಟಿಕೆಟ್ ತಗೊಳ್ಳಿ ಅಂತೀಯ?"

"ಹೌದು."

"ಹತ್ತು ಮತ್ತೆ ಹತ್ತು," ಎಂದರು. "ಜೋಡಿ. ಒಂದರ ಮೇಲೆ ಸಾಸ್ ಚೆಲ್ಲಿತ್ತು."

ಮತ್ತೆ ಕೈ ಎತ್ತಿ ಇನ್ನೊಂದು ತುಂಡು ಪೈ ತರಿಸಿದರು, ಡಾಕ್ಟರು ಅದನ್ನೂ ಬೇಡ ಎಂದಿದ್ದರಂತೆ.

೧೦

ಇಂದು ಏಪ್ರಿಲ್ ಇಪ್ಪತ್ತೊಂಬತ್ತು. ಟೂರ್ನಮೆಂಟಿಗೆ ಇನ್ನು ಒಂದು ವಾರ. ಕೊರಲೀ ಎರಡು ಸಲ ಫೋನ್ ಮಾಡಿದಳು, ನಾಳೆ ಕೊಡುತ್ತೇನೆ ಎಂದಿದ್ದೇನೆ. ಕೊಡುವುದು ಒಂದೂವರೆ ಪುಟ, ಅದರಲ್ಲಿ ಇಸವಿಗಳಿವೆ.

ಬ್ರೌನ್‌ವುಡ್‌ಗೆ ಒಂದು ಫೋನ್ ಮಾಡಿ ಅವರು ಹೇಗಿದ್ದಾರೆ ಎಂದು ಕೇಳಬಾರದಾ ಎನ್ನುತ್ತಿದ್ದೀರಿ, ಕೇಳಿಸಿತು. ನಂಬರು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದೆ. ಕ್ರಿಸ್‌ಮಸ್ಸಿಗೆ ಅವರ ಕಾರ್ಡು ಬರಲಿಲ್ಲ, ಅಂಚೆಯವರನ್ನು ಬೈದುಕೊಂಡೆ. ಫೋನ್ ಮಾಡುವುದಿಲ್ಲ. ನೀವೂ ಮಾಡಬೇಡಿ. ಕಥೆ ಬರೆಯುವವಳು ನಾನು, ಮೇ ತಿಂಗಳು ಬರಲಿ ಬಿಡಲಿ, ಈ ಕಾಗದದ ಮೇಲೆ ನಾನು ಬರೆಯದೆ ಅದು ಬರುವ ಹಾಗಿಲ್ಲ.

ಎದುರು ಕುರ್ಚಿ ಸುಮ್ಮನಿದೆ. ಸ್ವಲ್ಪ ಹೊತ್ತಿನ ಹಿಂದಿನವರೆಗೂ ಬಾಯಿ ಹಾಕುತ್ತಿದ್ದವರು ಈಗ ಏನೂ ಹೇಳುತ್ತಿಲ್ಲ. ಹೇಳದಿದ್ದರೇನಾಯಿತು, ಈ ಕಾಗದದ ಮೇಲೆ ಇನ್ನೂ ಕಾಫಿ ಶಾಪಿನಲ್ಲಿದ್ದಾರೆ, ಬೆಳಿಗ್ಗೆ ಒಂಬತ್ತು ಕಾಲು, ಎರಡನೆಯ ತುಂಡು ಈಗಷ್ಟೇ ಬಂದಿದೆ. ತಿನ್ನುತ್ತಿದ್ದಾರೆ. ತಿನ್ನಲಿ, ಅವರನ್ನು ಕುರ್ಚಿಯಿಂದ ಎಬ್ಬಿಸಬೇಡಿ.